ಬಂದೂಕಿಗೆ ಕುಸುಬಿ ಎಣ್ಣೆ

ಮಣ್ಣೂರಿನ ಜಗದೇವ ಆಯುಷ್ಯದಲ್ಲಿ ಒಂದು ಗುಬ್ಬಿಯನ್ನೂ ಹೊಡೆದವನಲ್ಲ. ಆದರೆ ಭೀಮೆಯ ಈ ದಂಡೆಯಲ್ಲಿ ಅವನಷ್ಟು ಬಂದೂಕು ತಿಕ್ಕಿದವನೂ ಇನ್ನೊಬ್ಬನಿಲ್ಲ. ಅಪ್ಪ ಬಿಟ್ಟುಹೋದ ಸಣ್ಣ ತೋಟಾದ ಲಿವರ್ ರೈಫಲ್ ಅದು. ಹಿಡಿಕೆಯ ಕೆಳಗಿನ ಕಬ್ಬಿಣದ ಕುಣಿಕೆ ತಳ್ಳಿ ಎಳೆದರೆ ಹಳೇ ತೋಟಾ ಹೊರಗೆ, ಹೊಸದು ಒಳಗೆ. ಹಾಗಂತ ಅಪ್ಪ ಹೇಳಿದ್ದ. ಇವನು ಎಳೆದು ನೋಡಿ ಯಾವ ಕಾಲವಾಯಿತೋ!

ಅಪ್ಪ ವರ್ಷಕ್ಕೊಮ್ಮೆ, ದಸರೆಯ ಖಂಡೆ ಪೂಜೆಯ ದಿನ, ಅದಕ್ಕೆ ಕುಸುಬಿ ಎಣ್ಣೆಯ ಒಂದು ಹನಿ ಹಚ್ಚಿ ಚೆನ್ನಾಗಿ ಒರೆಸುತ್ತಿದ್ದ. ಮಗನ ಪ್ರೀತಿ ಹನಿಯಲ್ಲಿ ಹಿಡಿಸುವಂಥದ್ದಲ್ಲ. ಪ್ರತಿ ರವಿವಾರ ಕಟ್ಟೆಯ ಮೇಲೆ ಹಳೇ ಧೋತರ ಹಾಸಿ, ಅಡಿಗೆಮನೆಯ ಎಣ್ಣೆ ತಂದು ಲೋಟಗಟ್ಟಲೆ ಕುಡಿಸುತ್ತಿದ್ದ. ಹೆಂಡತಿ ಮಹಾನಂದಾ ಒಳಗೆ ಹೊಲಿಗೆ ಮಶೀನು ತುಳಿಯುತ್ತ ಗೊಣಗುತ್ತಿದ್ದಳು. ಗೊಣಗಿದ್ದನ್ನು ಕೇಳುವ ಗಂಡ ಯಾವ ಊರಲ್ಲಿದ್ದಾನೆ?

ಒಂದು ರವಿವಾರ ಠಾಣೆಯಿಂದ ಫೋನು ಬಂತು. ನಾಳೆ ಬಂದೂಕು ತಂದು ತೆಗೆದು ಮುಚ್ಚಿ ತೋರಿಸಬೇಕು, ಕೆಟ್ಟಿದ್ದರೆ ಲೈಸೆನ್ಸ್ ರದ್ದು, ಬಂದೂಕು ಜಮಾ. ಜಗದೇವ ನಗುತ್ತಲೇ ಲಿವರಿಗೆ ಕೈ ಹಾಕಿದ. ಅದು ಜಪ್ಪಯ್ಯ ಅನ್ನಲಿಲ್ಲ.

"ಏನಲೇ, ಬಂದೂಕಿಗೆ ಬಾಯಿ ಕಟ್ಟ್ಯಾದೇನು?" ಎಂದ ಪಕ್ಕದ ಮನೆಯ ಚಮನಸಾಬ, ಚಹಾ ಕುಡಿಯುತ್ತ. "ಸುತ್ತಿಗಿ ತರ್ಲೇನು?"

ಸುತ್ತಿಗೆ ಅಂದದ್ದೇ ತಡ, ಜಗದೇವನ ಕಣ್ಣು ತುಂಬಿ ಬಂತು. ಅಪ್ಪನ ಕೈಯ ಗುರುತು ಅಂತ ಮನೆಯಲ್ಲಿ ಉಳಿದದ್ದು ಅದೊಂದೇ.

ಮಶೀನು ನಿಂತಿತು. ಮಹಾನಂದಾ ಹೊರಗೆ ಬಂದು, ಮೊದಲು ನಳಿಗೆಯನ್ನು ಯಾರೂ ಇಲ್ಲದ ಗೋಡೆಯ ಕಡೆ ತಿರುಗಿಸಿದಳು.

"ಕುಸುಬಿ ಎಣ್ಣಿ ಒಣಗಿದ್ರ ಗೋಂದು ಆಗ್ತದ್ರಿ. ನಾ ಹೊಸದಾಗಿ ಬಂದಾಗ ಮಶೀನಿಗೆ ಹಾಕಿ ಅತ್ತಿ ಕಡೆ ಬೈಸಿಕೊಂಡಿದ್ದಿಲ್ಲೇನು?"

"ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ಹೇಳೇನಿ. ನಿಮ್ಮ ಕಿವಿ ಬಂದೂಕಿನ ಕಡೆ ಇತ್ತು."

ಹಳೇ ಬಾಟ್ಲಿಯ ತಳದಲ್ಲಿದ್ದ, ಚಿಮಣಿಗೆ ಹಾಕುವ ಸೀಮೆಎಣ್ಣೆ, ಸವೆದ ಹಲ್ಲುಜ್ಜುವ ಬ್ರಶ್ಶು, ಹೊಲಿದು ಉಳಿದ ಬಟ್ಟೆಯ ಚೂರು ತಂದು ಕೂತಳು. ಸಂದಿಯಿಂದ ಹಳದಿ ಜಿಗುಟು, ಕುಂಕುಮ, ಯಾವ ಕಾಲದ್ದೋ ಚೆಂಡು ಹೂವಿನ ಎಸಳು ಎಲ್ಲ ಹೊರಬಂದವು. ಸಂಜೆಯ ಹೊತ್ತಿಗೆ ಲಿವರು ಕಟಕ್ ಅಂತ ತೆರೆಯಿತು. ಒಳಗೆ ತೋಟಾ ಇರಲಿಲ್ಲ. ನಳಿಗೆಯಲ್ಲಿ ಬಟ್ಟೆ ಆಡಿಸಿ ಬೆಳಕಿಗೆ ಹಿಡಿದರೆ ಒಳಗೆಲ್ಲ ಲಕಲಕ. ಹಿಗ್ಗಿನಲ್ಲಿ ಚಮನಸಾಬ ಟ್ರಿಗರ್ ಒತ್ತಲು ಕೈ ಚಾಚಿದ. ಜಗದೇವ ಆ ಕೈ ಹಿಡಿದ. ಖಾಲಿ ಒತ್ತಿದರೆ ಒಳಗಿನ ಮೊಳೆ ಕಬ್ಬಿಣಕ್ಕೆ ಬಡಿದು ಮೊಂಡಾಗುತ್ತದೆ ಎಂದು ಅಪ್ಪ ಹೇಳಿದ್ದಷ್ಟಾದರೂ ಅವನಿಗೆ ನೆನಪಿತ್ತು. ಕೊನೆಗೆ ಮಹಾನಂದಾ ಮಶೀನಿನ ಎಣ್ಣೆ ಎರಡೇ ಹನಿ ಬಿಟ್ಟು ಒರೆಸಿದಳು.

ಮರುದಿನ ಠಾಣೆಯಲ್ಲಿ ಲಿವರು ಬೆಣ್ಣೆಯ ಹಾಗೆ ಜಾರಿತು. ಲೈಸೆನ್ಸ್ ಉಳಿಯಿತು.

ಮುಂದಿನ ರವಿವಾರ ಜಗದೇವ ಅಭ್ಯಾಸಬಲದಿಂದ ಎಣ್ಣೆ ಲೋಟ ಹಿಡಿದು ಕಟ್ಟೆಗೆ ಬಂದ, ಬಂದು ಪೆಚ್ಚಾಗಿ ನಿಂತ. "ಇನ್ನ ಇದನ್ನ ಏನ್ ಮಾಡ್ಲಿ?"

ಮಹಾನಂದಾ ಬಂದು ಅವನ ಮುಂದೆ ಕೂತು ತುರುಬು ಬಿಚ್ಚಿದಳು. "ನನ್ನ ತಲಿಗಿ ನೀವು ಒಂದು ದಿನಾನೂ ಎಣ್ಣಿ ಹಚ್ಚಿಲ್ಲ."

ಚಮನಸಾಬ ಚಹಾದ ಕಪ್ಪಿನೊಂದಿಗೆ ಆ ಕಡೆ ತಿರುಗಿ ಕೂತ.

"ಒಣಗಿ ಗೋಂದಾದ್ರ?" ಎಂದ ಜಗದೇವ, ಅಂಗೈಗೆ ಎಣ್ಣೆ ಸುರಿದುಕೊಳ್ಳುತ್ತ.

"ಮುಂದಿನ ರವಿವಾರ ನೀವ ತೊಳೀರಿ," ಎಂದಳು ಅವಳು.