ಡಂಗುರದ ಸಿಮಿಯೋನಪ್ಪನ ಕಡೆಯ ಕೂಗು

ಡಂಬಳದಲ್ಲಿ ಸಿಮಿಯೋನಪ್ಪ ಮೂವತ್ತು ವರ್ಷ ಡಂಗುರ ಸಾರಿದ. ಅವನು ಬಾಯಿ ತೆರೆದರೆ ಕೆರೆಯ ಆಚೆ ದಂಡೆಯ ಎತ್ತುಗಳೂ ಕಿವಿ ನಿಮಿರಿಸುತ್ತಿದ್ದವು. ೧೯೭೮ರಲ್ಲಿ ಗಂಟಲಿಗೆ ಹುಣ್ಣು ಬಿದ್ದು ಆ ಧ್ವನಿ ಹೋಯಿತು; ಉಸಿರಷ್ಟೇ ಉಳಿಯಿತು, ಅವನು ಹಾಸಿಗೆ ಹಿಡಿದ. ಕರ್ತನನ್ನು ಕೂಗಿ ಕರೆದವನಿಗೆ ರಕ್ಷಣೆಯೆಂದು ಪಾದ್ರಿಗಳು ಹೇಳಿದ್ದನ್ನು ಅವನು ಡಂಗುರದವನಂತೆಯೇ ತಿಳಿದಿದ್ದ: ಕೇಳಿಸದ ಕೂಗು ಕೂಗೇ ಅಲ್ಲ. ಸಾವಿಗಿಂತ ಅದಕ್ಕೇ ಅಂಜಿದ.

"ನನ್ನ ಬದ್ಲಿ ನೀನ ಒದರು," ಎಂದು ಕಡೆಯ ದಿನ ಹೆಂಡತಿ ಮರಿಯವ್ವನ ಕಿವಿಯಲ್ಲಿ ಉಸುರಿದ.

"ನಾ ಒದರಿದ್ರ ಓಣಿ ಮಂದಿ ಬರ್ತಾರ. ಆ ಕರ್ತಗೇನ ಕಿವಿ ಮಂದ ಅದಾವೇನ್ರಿ? ಇದು ಗೌಡರ ಹುಕುಮು ಸಾರಿದಾಂಗಲ್ರಿ. ನನ್ನ ಕೈಲೇನೂ ಆಗೂದಿಲ್ಲ, ನೀನ ಎತ್ತಕೋ ಅಂತ ಒಳಗ ಅನ್ರಿ, ಸಾಕು."

ಅವನ ತುಟಿಗಳು ಅಲುಗಿದವು. ಮರಿಯವ್ವ ಬಗ್ಗಿ ಕಿವಿಗೊಟ್ಟಳು, ಏನೂ ಕೇಳಿಸಲಿಲ್ಲ. ಆ ಮಾತು ತನಗೆ ಆಡಿದ್ದಲ್ಲವೆಂದು ಹಿಂದೆ ಸರಿದಳು. ಸಂಜೆಯೊಳಗೆ ಉಸಿರೂ ನಿಂತಿತು.