ಅತ್ಬುಡು ಅಂದಿದ್ದಳು ಅಜ್ಜಿ

ಬೇಯುವ ಹೊಗೆಸೊಪ್ಪಿಗೆ ಒಂದು ವಾಸನೆಯಿದೆ, ಬೆಲ್ಲ ತಳ ಹಿಡಿದಂತೆ. ಕಳೆದ ವಾರ ಅರಕಲಗೂಡಿನ ಬಸ್ಸಿನಲ್ಲಿ ಅದು ಕಿಟಕಿಯಿಂದ ನುಗ್ಗಿದಾಗ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಮುಚ್ಚಿಕೊಂಡಿದ್ದೇ ತಡ, ಅಜ್ಜಿಯ ಮನೆ ಕಣ್ಣೆದುರು ಬಂತು. ಅಲ್ಲಿ ಅಂಗಳದಲ್ಲೇ ಸೊಪ್ಪು ಬೇಯಿಸುವ ಬ್ಯಾರನ್ ಇತ್ತು. ಈಗ ಮನೆಯೂ ಇಲ್ಲ, ಅಜ್ಜಿಯೂ ಇಲ್ಲ, ಆ ಜಾಗದಲ್ಲಿ ಯಾರೋ ಶುಂಠಿ ಬೆಳೆ ಹಾಕಿದ್ದಾರೆ. ಆ ಮನೆಯ ನಡುಮನೆಯಲ್ಲಿ ಅಮ್ಮ ಕಾಯಿಲೆ ಬಿದ್ದು ಮಲಗಿದ್ದಳು. ನನಗೆ ಒಂಬತ್ತು ವರ್ಷ. ಹಾಸನದ ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ, "ಬಾರೆ ಚಿನ್ನಿ, ಒಸಿ ಅತ್ರ ಬಾ" ಎಂದು ಕೈ ಚಾಚಿದಳು. ಮೈಯೆಲ್ಲ ಹುಣ್ಣಿನ ನಾತ. ನಾನು ಮೂಗು ಮುಚ್ಚಿಕೊಂಡು ಬಾಗಿಲ ಹಿಂದೆ ನಿಂತೆ. ಅಮ್ಮ ಚಾಚಿದ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಆಮೇಲೆ ಹೊದಿಕೆಯೊಳಗೆ ಎಳೆದುಕೊಂಡಳು. ನಾಲ್ಕನೇ ದಿನ ಟೆಂಪೋದಲ್ಲಿ ಅವಳ ಹೆಣ ಬಂತು.

ನಮ್ಮ ಕಡೆಯವರ ನಾಲಿಗೆಗೂ ಹಕಾರಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ. ಮರ ಹತ್ತು ಅನ್ನುವುದೂ ನಮ್ಮ ಬಾಯಲ್ಲಿ 'ಅತ್ತು'. ಹೆಣ ಇಳಿಸಿದ ಮೇಲೆ ಅಜ್ಜಿ ನನ್ನ ಒಣಗಣ್ಣು ನೋಡಿ, ಗಲ್ಲ ಹಿಡಿದು, "ಅತ್ಬುಡು ಮಗಾ, ಒಂದ್ಸಲ ಅತ್ಬುಡು" ಅಂದಳು. ಅವಳು ಅಂದಿದ್ದು ಅತ್ತು ಹಗುರಾಗು ಎಂದು. ನಾನು ಹೋಗಿ ಟೆಂಪೋ ಹತ್ತಿ ಕುಳಿತೆ. ಯಾರೋ ಕಿಸಕ್ಕನೆ ನಕ್ಕರು. "ಕಲ್ಲೆದೆ ಕಣ್ಲಾ ಇದುಕ್ಕೆ, ಒಂದ್ ತೊಟ್ಟು ಕಣ್ಣೀರಿಲ್ಲ" ಎಂದು ದೊಡ್ಡಪ್ಪ ಪಕ್ಕದವನಿಗೆ ಹೇಳಿದ್ದು ಕೇಳಿಸಿತು. ಹಿರಿಯರ ಮಾತು, ನಂಬಿಬಿಟ್ಟೆ. ಅಲ್ಲಿಂದ ಇಲ್ಲಿಯವರೆಗೆ ಆ ಗಾಯವನ್ನು ಕೆರೆದು ಕೆರೆದು ಹುಣ್ಣು ಮಾಡಿಕೊಂಡವಳು ಮಾತ್ರ ನಾನೇ.

ಕಳೆದ ವಾರ ಬಸ್ಸಿನಲ್ಲಿ, ಯಾಕೋ, ಆ ದಿನವನ್ನು ಟೆಂಪೋದೊಳಗೆ ಕೂತು ನೋಡದೆ ಮನಸ್ಸಿನಲ್ಲೇ ಅಂಗಳದಲ್ಲಿ ನಿಂತು ನೋಡಿದೆ. ಲಂಗ ತೊಟ್ಟ ಪುಟ್ಟ ಹುಡುಗಿ, ಅಮ್ಮನನ್ನು ಮಲಗಿಸಿದ್ದ ಜಾಗದಲ್ಲೇ ಮಂಡಿ ಮಡಚಿ ಕೂತಿದ್ದಾಳೆ. ಕಲ್ಲೆದೆಯಂತೆ! ಹೇಳಿದ್ದನ್ನು ಹೇಳಿದಂತೆ ಮಾಡಿದ ಮಗು ಅದು. ಅದು ಹೆದರಿದ್ದು ನಾತಕ್ಕೆ, ಅಮ್ಮನಿಗಲ್ಲ. ನಿಮ್ಮ ಮಗಳಾಗಿದ್ದರೆ ನೀವು ಬೈಯುತ್ತಿದ್ದಿರಾ? ನನಗೂ ಬೈಯಲು ಬಾಯಿ ಬರಲಿಲ್ಲ. ಅಮ್ಮನ ಕೈ ಖಾಲಿಯೇ ಹೋಯಿತು, ಆ ಸಂಕಟಕ್ಕೆ ಮದ್ದಿಲ್ಲ. ಆದರೆ ಸಂಕಟ ಬೇರೆ, ಶಿಕ್ಷೆ ಬೇರೆ. ಇಷ್ಟು ತಿಳಿಯಲು ನನಗೆ ತಲೆ ನರೆಯಬೇಕಾಯಿತು.

ಅಳು ಒತ್ತರಿಸಿ ಬಂತು. ಪಕ್ಕದಲ್ಲಿ ಅವರೆಕಾಯಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದ ಹೆಂಗಸು ಗಾಬರಿಯಾದಳು.

"ಯಾಕವ್ವಾ, ಏನಾಯ್ತು?"

"ನಮ್ಮಮ್ಮ ತೀರ್ಕೊಂಡ್ಲು."

"ಅಯ್ಯೋ ಶಿವನೇ! ಯಾವಾಗವ್ವಾ?"

"ನಲವತ್ತು ವರ್ಷ ಆಯ್ತು."

ಅವಳು ನಗಲಿಲ್ಲ. ಬುಟ್ಟಿಯನ್ನು ಕಾಲಡಿಗೆ ಇಳಿಸಿ, ನನ್ನ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು.