ದುಲಾರಿಯ ಹುಳದ ಬದನೆ

ದುಲಾರಿ ಬದನೆಕಾಯಿಯನ್ನು ಕದ್ದ ಮಾಲಿನಂತೆ ಮಾರುತ್ತಿದ್ದಳು. ಕಾಶಿಯ ಕೇದಾರ ಘಾಟಿನ ಹಿಂದಿನ ನಮ್ಮ ಗಲ್ಲಿಯಲ್ಲಿ ಅವಳ ಕೂಗು ಕೇಳಿದವರಿಲ್ಲ. ಚಿಲಕ ಮೆಲ್ಲಗೆ ಆಡಿಸಿ, ಹಿಂದೊಮ್ಮೆ ತಿರುಗಿ ನೋಡಿ ಬುಟ್ಟಿ ಇಳಿಸುವಳು. ನನ್ನ ಅತ್ತೆಯ ಮುಂದೆ ಒಂದು ಕಾಯಿ ಮುರಿದು ಒಳಗಿನ ಹುಳ ತೋರಿಸುವಾಗ ಮಾತ್ರ ಮುಖ ಅರಳುತ್ತಿತ್ತು. "ದೇಖಿಯೇ ಮಾತಾಜಿ, ಜಿಂದಾ ಹೈ!" ಹುಳ ಬದುಕಿದೆ ಎಂದರೆ ವಿಷ ಬಿದ್ದಿಲ್ಲ ಎಂದರ್ಥ. ಹುಳದ ಭಾಗ ಕೊಯ್ದು ಬಿಸಾಡಿ, ಉಳಿದದ್ದಕ್ಕೆ ನಾನು ಎಣ್ಣೆಗಾಯಿ ಮಾಡುತ್ತಿದ್ದೆ.

ಗಂಗೆಯ ಆಚೆ ದಡದಲ್ಲಿ ಅವಳೂ ಗಂಡನೂ ಒಬ್ಬ ಬಾಬೂ ಸಾಹೇಬರ ಹೊಲವನ್ನು ಅರ್ಧ ಪಾಲಿಗೆ ಮಾಡುತ್ತಿದ್ದರು. ಒಂದು ಮಧ್ಯಾಹ್ನ ಬೆನ್ನಿಗೆ ಪಂಪು ಕಟ್ಟಿ 'ದವಾಯಿ', ಅಂದರೆ ಹುಳದ ವಿಷ, ಹೊಡೆಯುತ್ತಿದ್ದ ಗಂಡ ಬದುವಿನ ಮೇಲೆ ಬಿದ್ದ. ಬಾಯಲ್ಲಿ ನೊರೆ. ಹೇಗೋ ಬದುಕಿದ. ಅಂದಿನಿಂದ ಅವಳು ಗುಟ್ಟಾಗಿ ಬೇವಿನೆಲೆ, ಗೋಮೂತ್ರ ಕುದಿಸಿ ಅದನ್ನೇ ಚಿಮುಕಿಸತೊಡಗಿದಳು. ಅವಳ ಭೋಜಪುರಿ ಮಾತು ನನಗೆ ಕನ್ನಡದಲ್ಲೇ ನೆನಪಿದೆ: "ಆ ನಾತದಿಂದಲೇ ಒಂದಿನ ಸಿಕ್ಕಿಬೀಳ್ತೀನಿ ದೀದಿ. ಪಕ್ಕದ ಹೊಲದವ್ರು, ನಿನ್ನ ಹುಳ ನಮ್ಮಲ್ಲಿಗೆ ಬರುತ್ತೆ ಅಂತ ಬೈತಾರೆ. ಬಾಬೂ ಸಾಹೇಬ್‌ಗೆ ಗೊತ್ತಾದ್ರೆ ಹೊಲ ಬೇರೆಯವ್ರಿಗೆ ಹೋಗುತ್ತೆ. ಸ್ವಂತದ್ದಾಗಿದ್ರೆ ಯಾರಿಗೆ ಹೆದರ್ತಿದ್ದೆ?"

ಒಂದು ಬೆಳಿಗ್ಗೆ ಬುಟ್ಟಿ ಇಳಿಸಿದ್ದಳಷ್ಟೇ. ಹರಿಶ್ಚಂದ್ರ ಘಾಟಿನಲ್ಲಿ ಯಾರದೋ ದಹನ ಮುಗಿಸಿ, ಮಿಂದು, ಒದ್ದೆ ಪಂಚೆಯಲ್ಲಿ ಬರುತ್ತಿದ್ದ ಗುಂಪಿನಲ್ಲಿ ಒಬ್ಬರು ಅವಳನ್ನು ಇಲ್ಲಿ ಕಂಡು ಅಚ್ಚರಿಯಿಂದ ನಿಂತರು.

"ಅರೇ ದುಲಾರಿ, ತೂ ಯಹಾಂ?"

ಅವಳು ತಕ್ಕಡಿ ಕೆಳಗಿಟ್ಟಳು. ಸೆರಗು ತಲೆಗೆಳೆದುಕೊಂಡು, "ಪರಣಾಮ್ ಬಾಬೂ ಸಾಹೇಬ್" ಎಂದಳು.

ಅತ್ತೆಗೆ ಕಾಶಿಯಲ್ಲಿ ಇಷ್ಟು ವರ್ಷ ಕಳೆದರೂ ಹಿಂದಿ ತರಕಾರಿ ಕೊಳ್ಳುವಷ್ಟೇ. ದುಲಾರಿಗೆ ಉಪಕಾರವಾಗಲೆಂದು ಮುಂದೆ ಬಂದು ದೊಡ್ಡ ದನಿಯಲ್ಲಿ ಹೇಳಿದರು: "ಇಸಕಾ ಬೈಂಗನ್ ಮೇ ಬಹುತ್ ಕೀಡಾ ಹೈ. ಬಹುತ್ ಅಚ್ಛಾ ಹೈ!" ಇವಳ ಬದನೆಯಲ್ಲಿ ತುಂಬ ಹುಳ, ತುಂಬ ಒಳ್ಳೆಯದು ಎಂದು.

ಗುಂಪು ನಕ್ಕಿತು. ಬಾಬೂ ಸಾಹೇಬರು ನಗಲಿಲ್ಲ. ಒಂದು ಕಾಯಿ ಮುರಿದು ನೋಡಿದರು. ಸಂಜೆ ಹೊಲಕ್ಕೆ ಬರುತ್ತೇನೆ ಎಂದಷ್ಟೇ ಹೇಳಿ ನಡೆದರು.

"ಯಾಕೇ, ಹೊಗಳಿದ್ದೇ ತಪ್ಪಾ?" ಎಂದರು ಅತ್ತೆ ನನ್ನತ್ತ ತಿರುಗಿ. ದುಲಾರಿ ತೂಗಿದ ಕಾಯಿಗಳನ್ನು ಅಲ್ಲೇ ಬಿಟ್ಟು ಎದ್ದುಹೋದಳು.

ಮತ್ತೆ ಬಂದದ್ದು ಮುಂದಿನ ವಾರ. ಬುಟ್ಟಿಯ ಕಾಯಿಗಳು ಮಿರಮಿರ ಮಿಂಚುತ್ತಿದ್ದವು, ಒಂದಕ್ಕೂ ತೂತಿಲ್ಲ. ಅವಳ ಕಣ್ಣುಗಳು ಕೆಂಪಗೆ ಊದಿದ್ದವು. ಅತ್ತೆ ಕೈ ಚಾಚಿದಾಗ ಗಬಕ್ಕನೆ ಮುಂಗೈ ಹಿಡಿದಳು. "ಮುಟ್ಟಬೇಡಿ ಮಾತಾಜಿ."

"ಹೊಲ?" ಎಂದೆ.

"ಉಳೀತು ದೀದಿ. ಪಂಪು ಕಳಿಸಿದ್ರು. ದವಾಯಿ ಹೊಡೀರಿ, ಇಲ್ಲಾ ಹೊಲ ಬಿಡಿ ಅಂದ್ರು."

"ಮತ್ತೆ ನಿನ್ನ ಗಂಡನ ಬೆನ್ನಿಗೇ ಕಟ್ಟಿದ್ಯಾ?"

"ಅವನನ್ನ ಒಳಗೆ ಹಾಕಿ ಅಗುಳಿ ಜಡಿದೆ. ನಾನೇ ಕಟ್ಕೊಂಡೆ."

ನೀರು ಕೇಳಿದಳು. ಕುಡಿಯುವ ಮೊದಲು ಕೈ ತೊಳೆದಳು, ಮೂಸಿ ನೋಡಿ ಮತ್ತೆ ತೊಳೆದಳು. ಬುಟ್ಟಿ ಹೊತ್ತು ಪಕ್ಕದ ಗಲ್ಲಿಗೆ ತಿರುಗಿದಳು. ಅಲ್ಲಿ ಯಾರೋ, ಎಷ್ಟು ಚೆಂದದ ಬದನೆ, ಎನ್ನುವುದು ಕೇಳಿಸಿತು.

ಆಮೇಲೆ ಅವಳನ್ನು ನಾನು ಕಂಡಿಲ್ಲ. ಆಚೆ ದಡದಿಂದ ಬರುವ ದೋಣಿಯವರನ್ನು ವಿಚಾರಿಸುತ್ತೇನೆ. ಇದ್ದಾಳೆ, ಹೊಲದಲ್ಲಿದ್ದಾಳೆ ಎನ್ನುತ್ತಾರೆ. ಪಂಪು ಈಗ ಯಾರ ಬೆನ್ನ ಮೇಲಿದೆ ಎಂದು ಕೇಳಲು ನನಗೆ ಬಾಯಿ ಬರುವುದಿಲ್ಲ.